ಹತ್ತರ ನಾಣ್ಯ ಹಣವಾದ ಕಥೆ

ಸ್ಪ್ಯಾನಿಷ್ ಭಾಷೆಯಲ್ಲಿ ಹಣಕ್ಕೆ 'ದಿನೇರೊ' ಎನ್ನುತ್ತಾರೆ. ಸ್ಪೇನ್ ದೇಶದಲ್ಲಿ ಮಾತ್ರವಲ್ಲ, ಮೆಕ್ಸಿಕೊದಿಂದ ಹಿಡಿದು ಅರ್ಜೆಂಟೀನದ ತುದಿಯವರೆಗೆ ಸ್ಪ್ಯಾನಿಷ್ ಆಡುವ ಇಪ್ಪತ್ತರಷ್ಟು ದೇಶಗಳಲ್ಲಿ ತರಕಾರಿ ಮಾರುವವಳೂ ಬ್ಯಾಂಕಿನ ಅಧ್ಯಕ್ಷನೂ ಬಳಸುವುದು ಇದೇ ಮಾತನ್ನು. ಕನ್ನಡದ ಕಿವಿಗೆ ಈ ಶಬ್ದ ಬಿದ್ದೊಡನೆ ನಮ್ಮ 'ದಿನ' ನೆನಪಾಗುವುದು ಸಹಜ. ದಿನದ ದುಡಿಮೆಗೆ ಸಿಗುವುದು ದಿನೇರೊ, ಕುವೈತಿನಲ್ಲಿ ಸಿಗುವುದು ದಿನಾರ್, ಎರಡೂ ನಮ್ಮ ದಿನಗೂಲಿಯ ಬಂಧುಗಳೇ ಇರಬೇಕು ಎಂದು ಯಾರಾದರೂ ಹೇಳಿದರೆ ತಲೆದೂಗುವವರು ಬಹಳ ಮಂದಿ. ಶಬ್ದಗಳ ವಿಷಯದಲ್ಲಿ ಇಂಥ ಊಹೆ ಬಲು ಸುಲಭ, ಅಷ್ಟೇ ಅಪಾಯಕರ. ದಿನೇರೊ ಮತ್ತು ದಿನಾರ್ ಒಂದೇ ತಾಯಿಯ ಮಕ್ಕಳೆಂಬುದು ನಿಜ. ಆದರೆ ಆ ತಾಯಿಗೂ ನಮ್ಮ ದಿನಕ್ಕೂ ಯಾವ ಸಂಬಂಧವೂ ಇಲ್ಲ. ಆ ಶಬ್ದಗಳೊಳಗೆ ಅಡಗಿರುವುದು 'ದಿನ' ಅಲ್ಲ, 'ಹತ್ತು'.

ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ರೋಮಿನ ಟಂಕಸಾಲೆಯಲ್ಲಿ ಹುಟ್ಟಿದ ಒಂದು ಬೆಳ್ಳಿ ನಾಣ್ಯದ ಹೆಸರೇ ಈ ಎಲ್ಲಕ್ಕೂ ಮೂಲ. ಆ ನಾಣ್ಯ ಹಗುರಾಯಿತು, ಬೆರಕೆಯಾಯಿತು, ಕೊನೆಗೆ ಇಲ್ಲವೇ ಆಯಿತು. ಹೆಸರು ಮಾತ್ರ ಮೂರು ಖಂಡಗಳಲ್ಲಿ ಬಾಳಿ, ನಾಲ್ಕನೆಯದಕ್ಕೂ ಹಡಗು ಹತ್ತಿ ಹೋಯಿತು. ಬೆಳ್ಳಿ ಹೋಗಿ ಮಾತು ಉಳಿದುದು ಹೇಗೆ? ಮಾತನ್ನೇ ಗಂಟು ಕಟ್ಟಿಕೊಂಡು ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಹತ್ತು ಆಸ್‌ಗಳ ಬೆಳ್ಳಿ

ರೋಮನ್ನರ ಭಾಷೆಯಾದ ಲ್ಯಾಟಿನ್ನಿನಲ್ಲಿ ಹತ್ತಕ್ಕೆ 'ದೆಕೆಮ್' ಎಂದು ಹೆಸರು. ತಲೆಗೆ ಹತ್ತರಂತೆ ಹಂಚುವಾಗ, ನಾವು 'ಹತ್ತು ಹತ್ತು' ಎನ್ನುವ ಕಡೆ, ಅವರು 'ದೇನಿ' ಎನ್ನುತ್ತಿದ್ದರು. ಅದರಿಂದ ಬಂದದ್ದು 'ದೇನಾರಿಯುಸ್', ಎಂದರೆ ಹತ್ತನ್ನು ಒಳಗೊಂಡದ್ದು. ಸುಮಾರು ಕ್ರಿ.ಪೂ. 211ರಲ್ಲಿ, ಕಾರ್ತೇಜಿನ ಸೇನಾನಿ ಹ್ಯಾನಿಬಾಲನೊಡನೆ ರೋಮ್ ಹೋರಾಡುತ್ತಿದ್ದ ಕಾಲದಲ್ಲಿ, ಈ ಹೆಸರಿನ ಬೆಳ್ಳಿ ನಾಣ್ಯವನ್ನು ಹೊಸದಾಗಿ ಅಚ್ಚುಹಾಕಿದರು. ತೂಕ ಸುಮಾರು ನಾಲ್ಕೂವರೆ ಗ್ರಾಂ. 'ಆಸ್' ಎಂಬ ಕಂಚಿನ ನಾಣ್ಯಗಳು ಹತ್ತು ಸೇರಿದರೆ ಒಂದು ದೇನಾರಿಯುಸ್. ನಾಣ್ಯದ ಮೇಲೆಯೇ ಹತ್ತನ್ನು ಸೂಚಿಸುವ ರೋಮನ್ ಅಂಕಿಯ ಗುರುತೂ ಇತ್ತು.

ಸುಮಾರು ಕ್ರಿ.ಪೂ. 140ರ ಹೊತ್ತಿಗೆ ಕಂಚಿನ ಬೆಲೆ ಇಳಿದು, ಒಂದು ದೇನಾರಿಯುಸಿಗೆ 16 ಆಸ್ ಎಂದು ಸರ್ಕಾರ ಗೊತ್ತುಪಡಿಸಿತು. ಹದಿನಾರಾಣೆಗೆ ಒಂದು ರೂಪಾಯಿ ಎಂದು ಲೆಕ್ಕ ಕಲಿತ ಹಿರಿಯರಿಗೆ ಇದು ನಗು ತರಿಸೀತು. ಆದರೆ ಇದು ಬರಿಯ ಕಾಕತಾಳೀಯ. ಇಲ್ಲಿ ಗಮನಿಸಬೇಕಾದುದು ಇನ್ನೊಂದು. ಹತ್ತು ಹದಿನಾರಾದರೂ ಹೆಸರನ್ನು ಯಾರೂ ಬದಲಿಸಲಿಲ್ಲ. ಹೆಸರಿನೊಳಗಿನ ಹತ್ತು ಆಗಲೇ ಜನರಿಗೆ ಕೇಳಿಸದಂತಾಗಿತ್ತು. ಶಬ್ದವೊಂದು ತನ್ನ ಅರ್ಥದಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ನಡೆಯತೊಡಗುವುದು ಹೀಗೆ.

ಈ ಬೆಳ್ಳಿಗೂ ಸ್ಪೇನಿಗೂ ಮೊದಲಿನಿಂದಲೇ ನಂಟು. ರೋಮನ್ ಸೈನ್ಯ ಸ್ಪೇನಿನ ನೆಲಕ್ಕೆ ಇಳಿದದ್ದು ಕ್ರಿ.ಪೂ. 218ರಲ್ಲಿ. ಕ್ರಿ.ಪೂ. 209ರಲ್ಲಿ ಅದು ಇಂದಿನ ಕಾರ್ತಹೇನ ನಗರವನ್ನು ಗೆದ್ದಿತು. ಅದರ ಸುತ್ತಲಿನ ಬೆಳ್ಳಿಯ ಗಣಿಗಳಲ್ಲಿ 40,000 ಜನ ದುಡಿಯುತ್ತಿದ್ದರು, ರೋಮಿಗೆ ದಿನವೊಂದಕ್ಕೆ 25,000 ದ್ರಾಕ್ಮಾಗಳಷ್ಟು ಆದಾಯ ಬರುತ್ತಿತ್ತು ಎಂದು ಪಾಲಿಬಿಯಸನ ಬರಹವನ್ನು ಆಧರಿಸಿ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ್ದಾನೆ. ನೆಲದಡಿಯ ಬೆಳ್ಳಿ ಸ್ಪೇನಿನದು, ಅಗೆದ ಬೆವರು ಸ್ಪೇನಿನದು, ಅಚ್ಚು ಮತ್ತು ಹೆಸರು ರೋಮಿನದು. ಗೆದ್ದವರ ನಾಣ್ಯ ಬಂದಲ್ಲಿ ಗೆದ್ದವರ ಮಾತೂ ಬಂದಿತು. ಮುಂದಿನ ಕೆಲವು ಶತಮಾನಗಳಲ್ಲಿ ಅಲ್ಲಿನ ಐಬೀರಿಯನ್ ಮೊದಲಾದ ಹಳೆಯ ಭಾಷೆಗಳು ಒಂದೊಂದಾಗಿ ಮರೆಯಾಗಿ, ಬಾಸ್ಕ್ ಒಂದನ್ನು ಬಿಟ್ಟರೆ ಎಲ್ಲೆಡೆ ಲ್ಯಾಟಿನ್ನೇ ಮನೆಮಾತಾಯಿತು.

ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ರೋಮನ್ ಕಾಲಾಳಿನ ವರ್ಷದ ಸಂಬಳ 225 ದೇನಾರಿಯುಸ್. ಕ್ರಿ.ಶ. 84ರ ಸುಮಾರಿಗೆ ಡೊಮಿಷಿಯನ್ ಅದನ್ನು 300ಕ್ಕೆ ಏರಿಸಿದ. ದ್ರಾಕ್ಷಿತೋಟದ ಕೆಲಸಗಾರರ ಬಗ್ಗೆ ಏಸುಕ್ರಿಸ್ತ ಹೇಳಿದ ಸಾಮತಿಯಲ್ಲಿ ಒಂದು ದಿನದ ಕೂಲಿ ಒಂದು ದೇನಾರಿಯುಸ್. ದಿನಗೂಲಿಯ ಊಹೆ ಇಷ್ಟರ ಮಟ್ಟಿಗೆ ಮಾತ್ರ ಸರಿ: ನಾಣ್ಯ ದಿನದ ಕೂಲಿಯಾಗಿತ್ತು, ಹೆಸರು ದಿನದಿಂದ ಬಂದುದಲ್ಲ.

ಕರ್ನಾಟಕದ ಮಣ್ಣಿನಲ್ಲಿ ದೇನಾರಿಯುಸ್

ಈ ನಾಣ್ಯ ನಮ್ಮ ನಾಡನ್ನೂ ಕಂಡಿದೆ. ಕ್ರಿ.ಶ. ಮೊದಲ ಶತಮಾನದಲ್ಲಿ ರೋಮಿನ ಹಡಗುಗಳು ಮುಂಗಾರು ಗಾಳಿಯನ್ನು ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಒಯ್ಯುತ್ತಿದ್ದುದು ಮೆಣಸು, ಮುತ್ತು, ದಂತ, ನಯವಾದ ಬಟ್ಟೆ. ಕೊಡುತ್ತಿದ್ದುದು ಬಹುಪಾಲು ನಾಣ್ಯ. ರೋಮಿನಲ್ಲಿ ಒಂದು ಪೌಂಡು ಕರಿಮೆಣಸಿಗೆ 4 ದೇನಾರಿಯುಸ್, ಬಿಳಿಮೆಣಸಿಗೆ 7, ಹಿಪ್ಪಲಿಗೆ 15 ಎಂದು ಹಿರಿಯ ಪ್ಲಿನಿ ಬೆಲೆಪಟ್ಟಿಯನ್ನೇ ಕೊಟ್ಟಿದ್ದಾನೆ. ಭಾರತ ವರ್ಷವೊಂದಕ್ಕೆ ಐದು ಕೋಟಿ ಸೆಸ್ಟರ್ಸಿಗೆ ಕಡಮೆಯಿಲ್ಲದಂತೆ ರೋಮಿನ ಹಣವನ್ನು ಸೆಳೆದುಕೊಳ್ಳುತ್ತಿದೆ ಎಂದು ಅವನು ಹಲುಬಿದ್ದಾನೆ. ನಾಲ್ಕು ಸೆಸ್ಟರ್ಸಿಗೆ ಒಂದು ದೇನಾರಿಯುಸ್. ಅಂದರೆ ಒಂದೂಕಾಲು ಕೋಟಿ ದೇನಾರಿಯುಸ್.

ಅದರ ಒಂದು ಚೂರು ಬೆಂಗಳೂರಿನಲ್ಲೂ ಉಳಿಯಿತು. 1891ರಲ್ಲಿ ಯಶವಂತಪುರದಲ್ಲಿ 150ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ ಇನ್ನೊಂದು ನಿಧಿ. ಅದರಲ್ಲಿ 250ಕ್ಕೂ ಹೆಚ್ಚು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ, ಎಂ.ಎಚ್. ಕೃಷ್ಣ ಅವರೂ ಮುಂದೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದ ಆ ನೆಲದಲ್ಲಿ, ಸಾತವಾಹನರ ನಾಣ್ಯಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ದೇನಾರಿಯುಸ್‌ಗಳು ದೊರೆತಿವೆ. ದಕ್ಷಿಣ ಭಾರತದ ನಿಧಿಗಳಲ್ಲಿ ಹೆಚ್ಚಾಗಿ ಕಾಣುವುದು ಈ ಇಬ್ಬರ ನಾಣ್ಯಗಳೇ. ಕ್ರಿ.ಶ. 64ರಲ್ಲಿ ನೀರೊ ನಾಣ್ಯದ ತೂಕವನ್ನೂ ಬೆಳ್ಳಿಯ ಪಾಲನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ಇಲ್ಲಿ ಅಪರೂಪ. ನಮ್ಮ ವರ್ತಕರು ಹಳೆಯ ಚೊಕ್ಕ ಬೆಳ್ಳಿಯನ್ನೇ ಕೇಳಿ ಪಡೆಯುತ್ತಿದ್ದರು ಎಂಬುದು ಇದಕ್ಕೆ ವಿದ್ವಾಂಸರು ಕೊಡುವ ಒಂದು ಕಾರಣ. ಚಿನಿವಾರರ ಒರೆಗಲ್ಲಿನ ಮುಂದೆ ಚಕ್ರವರ್ತಿಯ ಮುಖಮುದ್ರೆಯ ಆಟ ನಡೆಯಲಿಲ್ಲ ಎನ್ನೋಣ.

ನಾಣ್ಯದ ಹಿಂದೆಯೇ ಹೆಸರೂ ಬಂದಿತು. ರೋಮನ್ನರು ತಮ್ಮ ಚಿನ್ನದ ನಾಣ್ಯವನ್ನು ಚಿನ್ನದ ದೇನಾರಿಯುಸ್ ಎಂದೂ ಕರೆಯುತ್ತಿದ್ದರು. ಮೊದಲ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್' ಭರುಕಚ್ಛಕ್ಕೆ, ಎಂದರೆ ಇಂದಿನ ಭರೂಚಿಗೆ, ಚಿನ್ನದ ಮತ್ತು ಬೆಳ್ಳಿಯ ದೇನಾರಿಯುಸ್‌ಗಳನ್ನು ಒಯ್ದರೆ ಸ್ಥಳೀಯ ನಾಣ್ಯಕ್ಕೆ ಬದಲಾಯಿಸುವಾಗ ಲಾಭವಿದೆ ಎಂದು ವರ್ತಕರಿಗೆ ತಿಳಿಸುತ್ತದೆ. ಸಂಸ್ಕೃತದಲ್ಲಿ ಈ ಹೆಸರು 'ದೀನಾರ' ಎಂದಾಗಿ ಚಿನ್ನದ ನಾಣ್ಯಕ್ಕೆ ಅಂಟಿಕೊಂಡಿತು. ಅಮರಕೋಶ ಅದನ್ನು ಬಲ್ಲುದು. ಎರಡನೆಯ ಚಂದ್ರಗುಪ್ತನ ಕಾಲದ, ಕ್ರಿ.ಶ. 412-13ರ ಸಾಂಚಿಯ ಶಾಸನದಲ್ಲಿ ಆಮ್ರಕಾರ್ದವ ಎಂಬ ಅಧಿಕಾರಿ ಭಿಕ್ಷುಗಳ ಊಟಕ್ಕೂ ದೀಪಕ್ಕೂ 25 ದೀನಾರಗಳನ್ನು ದತ್ತಿ ಬಿಟ್ಟ ಸಂಗತಿಯಿದೆ. 12ನೆಯ ಶತಮಾನದಲ್ಲಿ ಕಲ್ಹಣ ಕಾಶ್ಮೀರದ ಇತಿಹಾಸವನ್ನು ಬರೆಯುವ ಹೊತ್ತಿಗೆ ಅಲ್ಲಿ ಅದೇ ಶಬ್ದ 'ದಿನ್ನಾರ'ವಾಗಿ, ಲಕ್ಷಗಟ್ಟಲೆ ಎಣಿಸುವಷ್ಟು ಅಗ್ಗವಾಗಿತ್ತು. 'ರಾಜತರಂಗಿಣಿ'ಯನ್ನು ಇಂಗ್ಲಿಷಿಗೆ ತಂದ ಆರೆಲ್ ಸ್ಟೈನ್, ಅಲ್ಲಿ ಈ ಶಬ್ದಕ್ಕೆ ಯಾವುದೋ ಒಂದು ಚಿನ್ನದ ನಾಣ್ಯವೆಂದಲ್ಲ, ಬರಿದೆ ಹಣವೆಂದೇ ಅರ್ಥ ಮಾಡಬೇಕೆಂದು ವಿವರಿಸಿದ್ದಾರೆ. ಸ್ಪೇನಿನ ಜನರೂ ಕಾಶ್ಮೀರದ ಜನರೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಶಬ್ದವನ್ನು ಒಂದೇ ಅರ್ಥಕ್ಕೆ ಇಳಿಸಿದರಲ್ಲ!

ನಾಣ್ಯದ ಸಾವು

ಅತ್ತ ರೋಮಿನಲ್ಲಿ ನೀರೊ ಹಿಡಿದ ದಾರಿಯನ್ನು ಮುಂದಿನವರು ಬಿಡಲಿಲ್ಲ. ಸೈನ್ಯದ ಖರ್ಚು ಹೆಚ್ಚಿದಂತೆಲ್ಲ ಬೆಳ್ಳಿಗೆ ತಾಮ್ರ ಬೆರೆಸುತ್ತ ಹೋದರು. 3ನೆಯ ಶತಮಾನದ ನಡುವಿನ ಹೊತ್ತಿಗೆ ದೇನಾರಿಯುಸನ್ನು ಅಚ್ಚುಹಾಕುವುದೇ ಹೆಚ್ಚುಕಡಮೆ ನಿಂತಿತು. ಅದರ ಸ್ಥಾನಕ್ಕೆ ಬಂದ ನಾಣ್ಯದಲ್ಲಿ 270ರ ಸುಮಾರಿಗೆ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ಕ್ರಿ.ಶ. 301ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿ ಎಲ್ಲ ಸಾಮಾನುಗಳಿಗೂ ಗರಿಷ್ಠ ಬೆಲೆಯನ್ನು ವಿಧಿಸಿ ಶಾಸನ ಹೊರಡಿಸಿದ. ಒಂದೇ ಒಂದು ಖರೀದಿಗೆ ಸೈನಿಕನ ಸಂಬಳವೂ ಬಕ್ಷೀಸೂ ಕರಗಿಹೋಗುತ್ತಿವೆ ಎಂಬ ಅಳಲು ಅದರ ಪೀಠಿಕೆಯಲ್ಲಿದೆ. ತುಟ್ಟಿಭತ್ಯೆಯ ಆಜ್ಞೆಗಾಗಿ ಕಾಯುವ ಸರ್ಕಾರಿ ಗುಮಾಸ್ತರಾದ ನಮಗೆ ಆ ಸೈನಿಕ ದೂರದವನೆನಿಸುವುದಿಲ್ಲ. ಆಗಸ್ಟಸನ ಕಾಲದಲ್ಲಿ ಒಂದು ಪೌಂಡು ಚಿನ್ನಕ್ಕೆ ಸುಮಾರು ಸಾವಿರ ದೇನಾರಿಯುಸ್. ಈ ಶಾಸನದಲ್ಲಿ ಅದು 72,000.

ವಿಶೇಷವೆಂದರೆ, ಆ ಶಾಸನ ಬೆಲೆಗಳನ್ನೆಲ್ಲ ಹೇಳಿದ್ದು ದೇನಾರಿಯುಸ್‌ಗಳಲ್ಲಿಯೇ. ಬೆಳ್ಳಿಯ ಆ ಹಳೆಯ ನಾಣ್ಯ ಯಾರ ಕೈಯಲ್ಲೂ ಇರಲಿಲ್ಲ; ಲೆಕ್ಕದಲ್ಲಿ ಮಾತ್ರ ಇತ್ತು. ಜನ ಎಣಿಸುತ್ತಿದ್ದುದು, ಚೌಕಾಸಿ ಮಾಡುತ್ತಿದ್ದುದು, ಸಾಲ ಬರೆದುಕೊಳ್ಳುತ್ತಿದ್ದುದು ಆ ಹೆಸರಿನಲ್ಲಿ. ಬಾಯಿಂದ ಬಾಯಿಗೆ ನಡೆಯುತ್ತಿದ್ದ ಹೆಸರಿಗೆ ಟಂಕಸಾಲೆಯ ಹಂಗು ಬೇಕಾಗಿರಲಿಲ್ಲ.

ಅಕ್ಕತಂಗಿಯರು ಸ್ಪೇನಿನಲ್ಲಿ ಕಲೆತದ್ದು

ರೋಮನ್ ಸಾಮ್ರಾಜ್ಯದ ಪಶ್ಚಿಮ ಭಾಗ ಕುಸಿದ ಮೇಲೆ ಹೆಸರು ಎರಡು ದಾರಿಗಳಲ್ಲಿ ನಡೆಯಿತು. ಪೂರ್ವದ ದಾರಿಯಲ್ಲಿ ಅದು ಗ್ರೀಕರ ಬಾಯಲ್ಲಿ 'ದೇನಾರಿಯೊನ್' ಆಗಿ, ಸಿರಿಯಾದ ಭಾಷೆಯನ್ನು ಹಾದು, ಅರಬ್ಬಿಯಲ್ಲಿ 'ದೀನಾರ್' ಆಯಿತು. ಇಲ್ಲಿಯೂ ಅದು ಚಿನ್ನಕ್ಕೇ ಸಂದ ಹೆಸರು. ಕ್ರಿ.ಶ. 696-97ರಲ್ಲಿ ಖಲೀಫ ಅಬ್ದುಲ್ ಮಲಿಕ್ ಚಿತ್ರಗಳಿಲ್ಲದ, ಬರಿಯ ಅರಬ್ಬಿ ಬರಹವುಳ್ಳ ನಾಲ್ಕೂಕಾಲು ಗ್ರಾಂ ತೂಕದ ಚಿನ್ನದ ದೀನಾರನ್ನು ಚಲಾವಣೆಗೆ ತಂದ.

ಪಶ್ಚಿಮದ ದಾರಿಯಲ್ಲಿ ಅದು ಬೆಳ್ಳಿಯ ಜೊತೆಗೇ ಉಳಿಯಿತು. 8ನೆಯ ಶತಮಾನದ ಕೊನೆಗೆ ಶಾರ್ಲ್‌ಮಾನ್ ದೊರೆ ಒಂದು ಪೌಂಡು ಬೆಳ್ಳಿಗೆ 240 ದೇನಾರಿಯುಸ್, 12 ದೇನಾರಿಯುಸಿಗೆ ಒಂದು 'ಸೋಲಿದುಸ್', 20 ಸೋಲಿದುಸಿಗೆ ಒಂದು 'ಲಿಬ್ರ' ಎಂಬ ಲೆಕ್ಕವನ್ನು ಗಟ್ಟಿಮಾಡಿದ. ಯುರೋಪಿನ ಬಹುಭಾಗಕ್ಕೆ ಸಾವಿರ ವರ್ಷ ಇದೇ ಮಗ್ಗಿಯಾಯಿತು. ಸ್ಪೇನಿನ ಉತ್ತರದ ಕ್ರೈಸ್ತ ರಾಜ್ಯಗಳು ಅಚ್ಚುಹಾಕಿದ, ತಾಮ್ರವೇ ಹೆಚ್ಚಾಗಿ ಬೆಳ್ಳಿ ಕಡಮೆಯಾಗಿದ್ದ ಪುಟ್ಟ ನಾಣ್ಯಕ್ಕೆ ಜನ ಇಟ್ಟ ಹೆಸರು 'ದಿನೇರೊ'.

ಸ್ಪೇನಿನ ದಕ್ಷಿಣದಲ್ಲಿ ಕ್ರಿ.ಶ. 711ರಿಂದ ಅರಬ್ಬರ ಆಳ್ವಿಕೆ. ಕೊರ್ದೊಬದಲ್ಲಿ 929ರಲ್ಲಿ ತಾನೇ ಖಲೀಫನೆಂದು ಸಾರಿಕೊಂಡ ಮೂರನೆಯ ಅಬ್ದುರ್ರಹಮಾನ್ ಚಿನ್ನದ ದೀನಾರುಗಳನ್ನು ಹೊರಡಿಸಿದ. ಹೀಗೆ ಒಂದೇ ಮನೆಯಲ್ಲಿ ಹುಟ್ಟಿ ಶತಮಾನಗಳ ಹಿಂದೆ ಬೇರೆ ಬೇರೆ ದಿಕ್ಕಿಗೆ ಹೋದ ಅಕ್ಕತಂಗಿಯರು, ಒಬ್ಬಳು ರೋಮಿನಿಂದ ನೇರವಾಗಿ ಬಂದು, ಇನ್ನೊಬ್ಬಳು ಸಿರಿಯಾ ಆಫ್ರಿಕಗಳನ್ನು ಸುತ್ತಿ ಬಂದು, ಒಂದೇ ನೆಲದಲ್ಲಿ ಎದುರಾದರು. ಒಬ್ಬಳ ಮೈಮೇಲೆ ಚಿನ್ನ, ಇನ್ನೊಬ್ಬಳ ಮೈಮೇಲೆ ತಾಮ್ರ. ತಮ್ಮ ನಂಟು ಅವರಿಗೆ ಗೊತ್ತಿರಲಿಲ್ಲ. ದೀನಾರಿನ ಮರ್ಯಾದೆ ಎಷ್ಟಿತ್ತೆಂದರೆ, 1172ರ ಸುಮಾರಿನಿಂದ ಕ್ಯಾಸ್ಟೀಲಿನ ಕ್ರೈಸ್ತ ದೊರೆ ಎಂಟನೆಯ ಅಲ್ಫಾನ್ಸೊ ತನ್ನ ಚಿನ್ನದ ನಾಣ್ಯವನ್ನು ಅದೇ ಮಾದರಿಯಲ್ಲಿ, ಅರಬ್ಬಿ ಲಿಪಿಯಲ್ಲಿಯೇ ಬರಹ ಹಾಕಿಸಿ ಅಚ್ಚುಹಾಕಿಸಿದ.

ಆದರೆ ಕಡೆಗೆ ಸ್ಪ್ಯಾನಿಷ್ ಭಾಷೆಯಲ್ಲಿ ಗೆದ್ದುದು ಚಿನ್ನದವಳಲ್ಲ, ತಾಮ್ರದವಳು. ರೊಟ್ಟಿ ಕೊಳ್ಳಲು, ಕೂಲಿ ಕೊಡಲು, ದೇವರ ಹುಂಡಿಗೆ ಹಾಕಲು ಜನರ ಕೈಯಲ್ಲಿ ಪ್ರತಿದಿನ ಇದ್ದುದು ದಿನೇರೊ. ಆದ್ದರಿಂದ ಹಣವೆಂದರೆ ದಿನೇರೊ ಎಂದಾಯಿತು. 14ನೆಯ ಶತಮಾನದಲ್ಲಿ ಹೀತದ ಪಾದ್ರಿ ಹ್ವಾನ್ ರುಯಿಸ್ ತನ್ನ ಕಾವ್ಯದಲ್ಲಿ ದಿನೇರೊವಿನ ಮಹಿಮೆಯನ್ನು ಲೇವಡಿ ಮಾಡುವಾಗ ಅವನ ಮನಸ್ಸಿನಲ್ಲಿದ್ದುದು ಒಂದು ನಾಣ್ಯವಲ್ಲ, ಲೋಕವನ್ನು ಕುಣಿಸುವ ಹಣ. 1492ರ ನಂತರ ಶಬ್ದ ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಪೆರು ದೇಶ 1863ರಲ್ಲಿ ತನ್ನ ನಾಣ್ಯಪದ್ಧತಿಯನ್ನು ದಶಮಾಂಶಕ್ಕೆ ತಂದಾಗ 'ಸೋಲ್' ಎಂಬ ನಾಣ್ಯದ ಹತ್ತನೆಯ ಒಂದು ಪಾಲಿಗೆ ದಿನೇರೊ ಎಂದು ಹೆಸರಿಟ್ಟಿತು. ಎರಡು ಸಾವಿರ ವರ್ಷಗಳ ಮೇಲೆ, ಸಾಗರದಾಚೆ, ಹೆಸರಿಗೆ ತನ್ನ ಹತ್ತು ಮತ್ತೆ ಸಿಕ್ಕಿತು!

ಇಂಗ್ಲಿಷಿನ ಬಂಧುಗಳು

ದೇನಾರಿಯುಸ್ ದಿನೇರೊ ಆದದ್ದು ಯದ್ವಾತದ್ವಾ ಅಲ್ಲ. ಲ್ಯಾಟಿನ್ ಶಬ್ದಗಳ ಕೊನೆಯ 'ಆರಿಯುಸ್' ಸ್ಪ್ಯಾನಿಷಿನಲ್ಲಿ 'ಏರೊ' ಆಗುವುದು ನಿಯಮ. ಪೋರ್ಚುಗೀಸರು ನಡುದಾರಿಯ ರೂಪವಾದ 'ಎಯ್ರೊ' ಉಳಿಸಿಕೊಂಡಿದ್ದಾರೆ. ಇಂಗ್ಲಿಷಿನವರು ಅದನ್ನು 'ಅರಿ' ಮಾಡಿದ್ದಾರೆ. ಯಾನುವಾರಿಯುಸ್ ಎಂಬ ತಿಂಗಳು ಸ್ಪ್ಯಾನಿಷಿನಲ್ಲಿ ಎನೇರೊ, ಪೋರ್ಚುಗೀಸಿನಲ್ಲಿ ಜನೆಯ್ರೊ, ಇಂಗ್ಲಿಷಿನಲ್ಲಿ ಜನವರಿ. ರಿಯೊ ಡಿ ಜನೆಯ್ರೊ ಎಂಬ ಊರಿನ ಹೆಸರಿಗೆ 'ಜನವರಿಯ ನದಿ' ಎಂದೇ ಅರ್ಥ. ಫೆಬ್ರವರಿ ಸ್ಪ್ಯಾನಿಷಿನಲ್ಲಿ ಫೆಬ್ರೇರೊ. ನಮ್ಮ ಮಕ್ಕಳ 'ಪ್ರೈಮರಿ' ಶಾಲೆಯ ಪ್ರೈಮರಿಗೆ ಸ್ಪ್ಯಾನಿಷ್ ಜೋಡಿ ಪ್ರಿಮೇರೊ, ಎಂದರೆ ಮೊದಲನೆಯದು. ಇದೇ ಲೆಕ್ಕದಲ್ಲಿ ದಿನೇರೊವಿನ ಒಡಹುಟ್ಟು ಇಂಗ್ಲಿಷಿನ 'ಡೀನರಿ', ಹತ್ತನ್ನು ಆಧಾರವಾಗಿಟ್ಟ ಎಣಿಕೆಗೆ ಗಣಿತದವರು ಬಳಸುವ ಶಬ್ದ. ಪೋರ್ಚುಗೀಸರ 'ದಿನ್ಯೆಯ್ರೊ', ಇಟಲಿಯವರ 'ದನಾರೊ', ಇವೂ ಹಣವೇ.

ಫ್ರೆಂಚರ ಬಾಯಲ್ಲಿ ಅದು 'ದೆನಿಯೆ' ಎಂಬ ಪುಟ್ಟ ನಾಣ್ಯವಾಯಿತು. ಆ ಪುಟ್ಟ ತೂಕವೇ ರೇಷ್ಮೆಯ ಎಳೆಯನ್ನು ತೂಗುವ ಅಳತೆಯಾಗಿ ಇಂಗ್ಲಿಷಿಗೆ 'ಡೆನಿಯರ್' ಎಂದು ಬಂದಿದೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದು ಅಷ್ಟು ಡೆನಿಯರ್. ಭಿವಂಡಿಯ ಮಗ್ಗದವರೂ ಸೂರತ್ತಿನ ನೂಲಿನ ವ್ಯಾಪಾರಿಗಳೂ ದಿನವೂ ಆಡುವ ಈ ಮಾತು ರೋಮಿನ ಬೆಳ್ಳಿಯ ಮರಿಮಗಳು. ಇಂಗ್ಲೆಂಡಿನವರು ತಮ್ಮ ಪೆನ್ನಿಯನ್ನು ಬರೆಯುವಾಗ 'ಪಿ' ಎನ್ನದೆ 'ಡಿ' ಅಕ್ಷರವನ್ನು ಹಾಕುತ್ತಿದ್ದರು. ಅದೂ ದೇನಾರಿಯುಸಿನ ಮೊದಲ ಅಕ್ಷರ. 240 ಪೆನ್ನಿಗೆ ಒಂದು ಪೌಂಡು ಎಂಬ ಶಾರ್ಲ್‌ಮಾನನ ಲೆಕ್ಕ ಅಲ್ಲಿ ಕೊನೆಗೊಂಡದ್ದು 1971ರ ಫೆಬ್ರವರಿ 15ರಂದು. ನಮ್ಮಲ್ಲಿ ಆಣೆ ಪೈ ಹೋಗಿ ನಯಾಪೈಸೆ ಬಂದುದು ಅದಕ್ಕಿಂತ ಮೊದಲೇ, 1957ರ ಏಪ್ರಿಲ್ 1ರಂದು. ಸೋಲಿದುಸಿನ ವಂಶವೂ ದೊಡ್ಡದು: ಸ್ಪ್ಯಾನಿಷಿನಲ್ಲಿ ಸಂಬಳಕ್ಕೆ ಹೇಳುವ 'ಸ್ವೆಲ್ದೊ', ಸಂಬಳಕ್ಕೆ ಕಾದುವವನೆಂಬ ಅರ್ಥದ ಇಂಗ್ಲಿಷಿನ 'ಸೋಲ್ಜರ್', ಎರಡೂ ಅದರ ಕುಡಿಗಳು.

ದೆಕೆಮ್ ಎಂಬ ಹತ್ತಿನ ಬಳಗ ಇನ್ನೂ ವಿಶಾಲ. ರೋಮನ್ನರ ವರ್ಷ ಮಾರ್ಚಿಯಿಂದ ಆರಂಭವಾಗುತ್ತಿದ್ದ ಕಾಲದಲ್ಲಿ ಹತ್ತನೆಯ ತಿಂಗಳು ಡಿಸೆಂಬರ್. ಹತ್ತು ಜನರ ಮುಖಂಡ ಕಾಲೇಜಿನ 'ಡೀನ್' ಆದ. ಅಮೆರಿಕದವರ 'ಡೈಮ್' ಡಾಲರಿನ ಹತ್ತನೆಯ ಪಾಲು. ಲ್ಯಾಟಿನ್ನಿನ 'ದುಓದೆಕಿಮ್', ಎಂದರೆ ಎರಡು ಮತ್ತು ಹತ್ತು, ಫ್ರೆಂಚಿನಲ್ಲಿ ಸವೆದು ಇಂಗ್ಲಿಷಿನ 'ಡಜನ್' ಆಯಿತು. ಕೈಗಾಡಿಯವನ ಹತ್ತಿರ ಒಂದು ಡಜನ್ ಬಾಳೆಹಣ್ಣು ಕೊಳ್ಳುವಾಗ ನಮ್ಮ ಗೃಹಿಣಿಯರೂ ಲ್ಯಾಟಿನ್ ಆಡುತ್ತಾರೆ. ಇನ್ನು ಸಂಸ್ಕೃತದ 'ದಶ' ಈ ದೆಕೆಮಿನ ದಾಯಾದಿ. ಎರಡರ ಮೂಲ ಒಂದೇ ಆದಿಭಾಷೆ. ಆ ದಾರಿಯಿಂದ ನಮ್ಮ ದಶಮಿ, ದಶಕಗಳೂ ದಿನೇರೊವಿಗೆ ದೂರದ ಬಂಧುಗಳಾಗುತ್ತವೆ. ನಮ್ಮ ಅಚ್ಚಕನ್ನಡದ 'ಹತ್ತು' ಮಾತ್ರ ಬೇರೆಯೇ ಮನೆತನದ್ದು. ತಮಿಳಿನ 'ಪತ್ತು' ಅದರ ಸೋದರ.

ಕೊಲ್ಲಿಯ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ದಿನಾರ್ ಹೊಸದಲ್ಲ. ಆದರೆ ಕುವೈತ್, ಬಹರೇನ್‌ಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದುದು ಭಾರತದ ರೂಪಾಯಿಯೇ ಎಂಬುದನ್ನು ಎಳೆಯರು ಅರಿಯರು. 1959ರಿಂದ ನಮ್ಮ ರಿಸರ್ವ್ ಬ್ಯಾಂಕು ಅವರಿಗಾಗಿಯೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತ್ತು. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಅದನ್ನು ಬಿಟ್ಟು ಸ್ವಂತ ದಿನಾರನ್ನು ತಂದವು. ಬಹರೇನಿನಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್! ಯಾರೂ ಉದ್ದೇಶಿಸದೆ ಆ ಹಳೆಯ ಹತ್ತು ಮತ್ತೊಮ್ಮೆ ತಲೆಹಾಕಿತು.

ಹೂತದ್ದು ಮತ್ತು ನಡೆದದ್ದು

ನಾಣ್ಯದ ಹೆಸರೇ ಹಣದ ಹೆಸರಾಗುವುದು ಸ್ಪ್ಯಾನಿಷರ ಸೊತ್ತೇನೂ ಅಲ್ಲ. ಹೈದರಾಬಾದಿನಲ್ಲಿ ಕೇಳುವ 'ಡಬ್ಬು', ಮುಂಬಯಿ ಪುಣೆಗಳ 'ಪೈಸೆ', ಚೆನ್ನೈಯ 'ಪಣಂ' ಎಲ್ಲವೂ ಒಂದೊಂದು ಕಾಲಕ್ಕೆ ಒಂದೊಂದು ನಾಣ್ಯದ ಹೆಸರುಗಳು. ನಮ್ಮ 'ದುಡ್ಡು' ತಾಮ್ರದ ನಾಣ್ಯ. ನಮ್ಮ 'ಹಣ' ಚಿನ್ನದ ಪುಟ್ಟ ನಾಣ್ಯ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಅಚ್ಚುಹಾಕಿಸಿದ ಕಂಠೀರಾಯ ಹಣ ಪ್ರಸಿದ್ಧವಾದದ್ದು. ಹತ್ತು ಹಣಕ್ಕೆ ಒಂದು ಕಂಠೀರಾಯ ವರಹ. ಆ ವರಹ ಮಾತ್ರ ಡಯೋಕ್ಲೀಷಿಯನ್ನನ ದೇನಾರಿಯುಸಿನಂತೆ ಕಡತದಲ್ಲಿದ್ದ ಲೆಕ್ಕವೇ ಹೊರತು ಕೈಗೆ ಸಿಗುವ ನಾಣ್ಯವಾಗಿರಲಿಲ್ಲ. ಹಣ ಎಂಬ ಮಾತು ಮೊದಲು 'ಪಣ'. ಪಾಲು ಹಾಲಾದಂತೆ, ಪತ್ತು ಹತ್ತಾದಂತೆ, ಪಣ ಹಣವಾಯಿತು. 'ಪ' ಹೋಯಿತೆಂದು ಇಂದು ಮರುಗುವ ಕನ್ನಡಿಗನಿಲ್ಲ.

ಹೊರನಾಡಿನಲ್ಲಿ ನಮ್ಮ ಮಕ್ಕಳ ಕನ್ನಡವನ್ನು ಕೇಳಿ ಹಿರಿಯರು ನೊಂದುಕೊಳ್ಳುವುದುಂಟು. ಊರಿನ ಅಜ್ಜಿಯೊಡನೆ ಮಾತಾಡುವಾಗ ಮಗು 'ಳ'ಕಾರ ತೊದಲುತ್ತದೆ, ಮರಾಠಿಯದೊಂದು, ಹಿಂದಿಯದೊಂದು ಶಬ್ದ ಸೇರಿಸುತ್ತದೆ. ಮನೆಯಲ್ಲಿ ಯಾರಾದರೂ ನಕ್ಕರೆ ಮುಂದಿನ ಸಲ ಇಂಗ್ಲಿಷಿನಲ್ಲೇ ಉತ್ತರಿಸುತ್ತದೆ. ಆ ನಗುವಿನ ಬೆಲೆ ಏನೆಂಬುದನ್ನು ನಾವು ಯೋಚಿಸಬೇಕು. ಯಶವಂತಪುರದ ಮಣ್ಣಿನಲ್ಲಿ ಸುಮಾರು ಸಾವಿರದ ಒಂಬೈನೂರು ವರ್ಷ ಮಲಗಿದ್ದ ಬೆಳ್ಳಿ ಸವೆಯಲಿಲ್ಲ ನಿಜ. ಚಕ್ರವರ್ತಿಯ ಮೂಗು ಗಲ್ಲ ಚೊಕ್ಕವಾಗಿ ಉಳಿದಿರಬಹುದು. ಆದರೆ ಆ ನಾಣ್ಯಗಳಿಂದ ಇಷ್ಟು ಕಾಲದಲ್ಲಿ ಒಂದು ಹಿಡಿ ರಾಗಿಯನ್ನೂ ಯಾರೂ ಕೊಳ್ಳಲಿಲ್ಲ. ಅದೇ ಕಾಲದಲ್ಲಿ ಸ್ಪೇನಿನ ಸಂತೆಗಳಲ್ಲಿ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ನಡೆದ ಹೆಸರು ಗುರುತು ಸಿಗದಷ್ಟು ಸವೆದು, ಇಂದಿಗೂ ಕೋಟ್ಯಂತರ ಜನರ ಕೆಲಸಕ್ಕೆ ಬರುತ್ತಿದೆ.

ಹಾಗೆಂದು ಎಲ್ಲ ಬದಲಾವಣೆಯೂ ಒಂದೇ ಬಗೆಯದಲ್ಲ. ಬಳಸಿ ಸವೆಯುವುದು ಬೇರೆ, ನೀರೊ ಮಾಡಿದಂತೆ ತಿಳಿದೂ ತಿಳಿದೂ ಬೆಳ್ಳಿ ತೆಗೆದು ತಾಮ್ರ ತುಂಬುವುದು ಬೇರೆ. ಮಗು ತೊದಲಿದರೆ ಅದು ಸವೆತ. ಕನ್ನಡ ಬಲ್ಲ ತಂದೆತಾಯಿಗಳು ಮನೆಯಲ್ಲಿ ಅದನ್ನು ಆಡದೆ ಬಿಟ್ಟರೆ ಅದು ಟಂಕಸಾಲೆಯಲ್ಲೇ ನಡೆದ ಬೆರಕೆ. ಅದರ ಹೊಣೆಯನ್ನು ಮಗುವಿನ ಮೇಲೆ ಹೊರಿಸಲಾಗದು. ರಾಜ್ಯೋತ್ಸವದ ದಿನ ವೇದಿಕೆಗೆ ತಂದು ಉಳಿದ ದಿನಗಳಲ್ಲಿ ಪೆಟ್ಟಿಗೆಯಲ್ಲಿಡುವ ಅಚ್ಚಗನ್ನಡಕ್ಕಿಂತ, ಹಾಲಿನ ಲೆಕ್ಕಕ್ಕೆ, ಜಗಳಕ್ಕೆ, ಜ್ವರ ಬಂದಾಗಿನ ನರಳಾಟಕ್ಕೆ ಒದಗುವ ಸವೆದ ಕನ್ನಡವೇ ನಮ್ಮ ಮನೆಗಳಲ್ಲಿ ಬಹುಕಾಲ ಬಾಳೀತು.